ಪಾಠಕ್ಕೂ ಆಟಕ್ಕೂ ಒಂದೇ ಯಂತ್ರ

ಮನೆಗೆ ಬೇಕಾದ ಸಾಮಾನನ್ನು ಪರೀಕ್ಷಿಸಿ ಕೊಳ್ಳುವ ವಿದ್ಯೆಯಲ್ಲಿ ನಮ್ಮ ಗೃಹಸ್ಥರು ಯಾರಿಗೂ ಕಡಿಮೆಯವರಲ್ಲ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿ ಅದರೊಳಗಣ ನೀರನ್ನು ಅಂದಾಜು ಮಾಡಬಲ್ಲರು. ಸೀರೆಯ ಸೆರಗನ್ನು ಬೆರಳುಗಳ ನಡುವೆ ತಿಕ್ಕಿ ನೂಲಿನ ಗುಣವನ್ನು ಹೇಳಬಲ್ಲರು. ಹಿತ್ತಾಳೆಯ ಪಾತ್ರೆಯನ್ನು ತಟ್ಟಿ, ಹೊರಡುವ ನಾದದಿಂದಲೇ ಬಿರುಕು ಉಂಟೋ ಇಲ್ಲವೋ ಎಂದು ನಿರ್ಣಯಿಸಬಲ್ಲರು. ಆದರೆ ಇದೇ ಗೃಹಸ್ಥರು ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್ ಕೊಳ್ಳಲೆಂದು ಅಂಗಡಿಯ ಮೆಟ್ಟಿಲು ಹತ್ತಿದೊಡನೆ ಆ ವಿದ್ಯೆಯೆಲ್ಲವೂ ಮರೆತುಹೋದಂತಾಗುತ್ತದೆ. ಸಾಲಾಗಿ ಬಾಯಿ ತೆರೆದು ಕುಳಿತ ಇಪ್ಪತ್ತು ಮೂವತ್ತು ಯಂತ್ರಗಳು. ನೋಡಲು ಎಲ್ಲವೂ ಒಂದೇ ಬಗೆ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಅಲುಗಿಸಿ ನೋಡುವಂತಿಲ್ಲ, ತಟ್ಟಿ ಕೇಳುವಂತಿಲ್ಲ.

ಇದೇನೂ ಚಿಲ್ಲರೆ ವ್ಯಾಪಾರವಲ್ಲ. ನಲವತ್ತೈದು ಐವತ್ತು ಸಾವಿರ ರೂಪಾಯಿ ಎಂದರೆ ಎಷ್ಟೋ ಮನೆಗಳಲ್ಲಿ ಒಂದು ತಿಂಗಳ ಸಂಬಳ. ಇಲ್ಲವೆ ಚೀಟಿ ಎತ್ತಿದ ಹಣ. ಇಲ್ಲವೆ ವರ್ಷಗಟ್ಟಲೆ ತೀರಿಸಬೇಕಾದ ಕಂತು. ಎಸ್.ಎಸ್.ಎಲ್.ಸಿ. ಮುಗಿಸಿದವನ ಕೈಗೆ ಕೊಟ್ಟ ಯಂತ್ರವು ಪಿ.ಯು.ಸಿ.ಯ ಎರಡು ವರ್ಷ, ಪದವಿಯ ಮೂರು ನಾಲ್ಕು ವರ್ಷ, ಒಟ್ಟಿನಲ್ಲಿ ಐದಾರು ವರ್ಷ ಬಾಳಬೇಕು. ಎರಡನೆಯ ವರ್ಷಕ್ಕೇ ಅದು ಕುಂಟತೊಡಗಿದರೆ ಮತ್ತೊಂದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಸಾಲದುದಕ್ಕೆ ಮನೆಯೊಳಗೇ ಒಂದು ವಾದ. “ಓದುವುದಕ್ಕೆ ತಾನೆ? ಕಡಿಮೆಯದೇ ಸಾಕು” ಎನ್ನುತ್ತಾರೆ ತಂದೆ. “ಅಪ್ಪಾ, ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಆಟ ಓಡೋದೇ ಇಲ್ಲ” ಎನ್ನುತ್ತಾನೆ ಮಗ. “ಹೆಗಲ ಮೇಲೆ ಹೊರುವವನು ಅವನು, ಭಾರ ಎಷ್ಟು ನೋಡಿ” ಎನ್ನುತ್ತಾರೆ ತಾಯಿ. ಮೂವರ ನಡುವೆ ಅಂಗಡಿಯ ಹುಡುಗ, “ಸಾರ್, ಇದರಲ್ಲಿ ಒಂದು ಟಿ.ಬಿ. ಇದೆ, ಆಫರು ಇವತ್ತೇ ಕೊನೆ” ಎಂದು ತನ್ನ ಮಾತನ್ನು ತೂರಿಸುತ್ತಾನೆ. ಕೊನೆಗೆ ಯಾವ ಪೆಟ್ಟಿಗೆಯ ಮೇಲೆ ದೊಡ್ಡ ಅಂಕಿಗಳಿವೆಯೋ ಅದು ಮನೆಗೆ ಬರುತ್ತದೆ.

ಈ ಗೊಂದಲದಿಂದ ಪಾರಾಗಲು ಒಂದೇ ಸೂತ್ರವನ್ನು ನೆನಪಿಟ್ಟರೂ ಸಾಕು. ಲ್ಯಾಪ್‌ಟಾಪಿನ ಅಂಗಗಳಲ್ಲಿ ಎರಡು ಜಾತಿ: ಮುಂದೆ ಬದಲಾಯಿಸಬಹುದಾದುವು ಕೆಲವು, ಎಂದಿಗೂ ಬದಲಾಯಿಸಲಾಗದುವು ಕೆಲವು. ಮನೆ ಕಟ್ಟುವವನು ತಳಪಾಯಕ್ಕೆ ಮೊದಲು ಹಣ ಹಾಕಿ, ಸುಣ್ಣಬಣ್ಣವನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವುದಿಲ್ಲವೆ? ಇಲ್ಲಿಯೂ ಅದೇ ನ್ಯಾಯ. ಬದಲಾಯಿಸಲಾಗದ ಅಂಗಗಳಿಗೆ ಮೊದಲ ಹಣ. ಉಳಿದವಕ್ಕೆ ಉಳಿದ ಹಣ. ಅಂಗಡಿಯವರು ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವುದು ಬಹುಮಟ್ಟಿಗೆ ಎರಡನೆಯ ಜಾತಿಯನ್ನು ಎಂಬುದೇ ಇಲ್ಲಿನ ಸೋಜಿಗ.

ಹೆಸರಿನೊಳಗಿನ ಅಂಕಿಗಳು

ಬದಲಾಯಿಸಲಾಗದ ಅಂಗಗಳಲ್ಲಿ ಮೊದಲನೆಯದು ಪ್ರೊಸೆಸರ್. ಯಂತ್ರದ ಮಿದುಳೆಂದು ಹೇಳಬಹುದಾದ ಈ ಬಿಲ್ಲೆಯನ್ನು ಲ್ಯಾಪ್‌ಟಾಪುಗಳಲ್ಲಿ ಒಳಗಿನ ಹಲಗೆಗೇ ಬೆಸೆದಿರುತ್ತಾರೆ. ‘ಐ3’ಗಿಂತ ‘ಐ5’ ಮೇಲು, ‘ಐ5’ಗಿಂತ ‘ಐ7’ ಮೇಲು ಎಂಬ ಲೆಕ್ಕವೊಂದು ಜನರಲ್ಲಿ ರೂಢವಾಗಿದೆ. ಒಂದೇ ಕಾಲದ ಮಾದರಿಗಳಿಗೆ ಈ ಲೆಕ್ಕ ಸರಿ. ಬೇರೆ ಬೇರೆ ಕಾಲದವುಗಳಿಗೆ ಹೊಂದದು. 2013ರಲ್ಲಿ ಬಂದ ‘ಐ7-4600ಯು’ ಎಂಬುದರಲ್ಲಿ ಇದ್ದುದು ಎರಡೇ ಕೋರುಗಳು, ಎಂದರೆ ಏಕಕಾಲದಲ್ಲಿ ಕೆಲಸ ಮಾಡುವ ಎರಡೇ ಘಟಕಗಳು. 2022ರ ‘ಐ3-1215ಯು’ ಎಂಬುದರಲ್ಲಿ ಅಂಥವು ಆರು ಉಂಟು. ಹಳೆಯ ‘ಐ7’ನ್ನು ಹೊಸ ‘ಐ3’ ಸುಲಭವಾಗಿ ಹಿಂದೆ ಹಾಕುತ್ತದೆ. ಆದುದರಿಂದ ಅಡ್ಡಗೆರೆಯ ಅನಂತರ ಬರುವ ಅಂಕಿಯನ್ನು ಮೊದಲು ನೋಡಬೇಕು. 4600ರಲ್ಲಿ ‘4’ ಎಂದರೆ ನಾಲ್ಕನೆಯ ತಲೆಮಾರು. 1215ರಲ್ಲಿ ‘12’ ಎಂದರೆ ಹನ್ನೆರಡನೆಯ ತಲೆಮಾರು. 2023ರ ಕೊನೆಯಿಂದೀಚೆಗೆ ಇಂಟೆಲ್ ಸಂಸ್ಥೆಯು ತನ್ನ ಹೊಸ ಮಾದರಿಗಳ ಹೆಸರಿನಿಂದ ‘ಐ’ ಅಕ್ಷರವನ್ನು ಕೈಬಿಟ್ಟು ‘ಕೋರ್ 3’, ‘ಕೋರ್ 5’ ಎಂದು ಕರೆಯತೊಡಗಿತೆಂಬುದನ್ನೂ ನೆನಪಿನಲ್ಲಿಡಬೇಕು.

ಎ.ಎಂ.ಡಿ. ಸಂಸ್ಥೆಯ ‘ರೈಜ಼ನ್’ ಪ್ರೊಸೆಸರುಗಳಲ್ಲಿ ಲೆಕ್ಕ ಇನ್ನಷ್ಟು ಸೂಕ್ಷ್ಮ. 2023ರಲ್ಲಿ ಅಂಗಡಿಗಳಿಗೆ ಬಂದ 7000 ಸಾಲಿನ ಮಾದರಿಗಳಲ್ಲಿ ಮೂರನೆಯ ಅಂಕಿಯು ಒಳಗಿನ ರಚನೆಯ ವಯಸ್ಸನ್ನು ಹೇಳುತ್ತದೆ. ‘7520ಯು’ ಎಂದರೆ ಮೂರನೆಯ ಅಂಕಿ ಎರಡು. ಅದರ ಒಳಗಿರುವುದು 2019ರಲ್ಲಿ ಮೊದಲು ಬಂದ ‘ಜ಼ೆನ್ 2’ ರಚನೆ. ‘7530ಯು’ ಎಂದರೆ ಮೂರು. ಅದು ಅದರ ಮುಂದಿನ ರಚನೆ. ಹೆಸರಿನಲ್ಲಿ ಇರುವುದು ಒಂದೇ ಅಂಕಿಯ ವ್ಯತ್ಯಾಸ. ಯಂತ್ರದ ಬಾಳಿಕೆಯಲ್ಲಿ ಅದು ವರ್ಷಗಳ ವ್ಯತ್ಯಾಸವಾದೀತು.

ತೀರ ಅಗ್ಗದ ಯಂತ್ರಗಳಲ್ಲಿ ‘ಸೆಲರಾನ್’ ಎಂಬ ಹಳೆಯ ಹೆಸರಿನವು, ಅವುಗಳ ವಾರಸುದಾರನಾಗಿ 2023ರಲ್ಲಿ ಬಂದ ‘ಎನ್100’ ಮುಂತಾದುವು ಇರುತ್ತವೆ. ಟಿಪ್ಪಣಿ ಬರೆಯಲು, ಪಾಠದ ವೀಡಿಯೋ ನೋಡಲು ಎನ್100 ಸಾಕಾದೀತು. ಆದರೆ ನಾಲ್ಕನೆಯ ವರ್ಷದ ಕಾಲೇಜಿನ ಕೆಲಸವನ್ನು ಅದರಿಂದ ನಿರೀಕ್ಷಿಸುವುದು, ಎಳೆಯ ಕರುವಿಗೆ ನೊಗ ಕಟ್ಟಿದಂತೆ. ಹೆಸರಿನ ಕೊನೆಯ ಅಕ್ಷರದ ಮೇಲೂ ಕಣ್ಣಿರಲಿ: ‘ಯು’ ಎಂದರೆ ಕಡಿಮೆ ವಿದ್ಯುತ್ತು, ಕಡಿಮೆ ಕಾವು, ಹೆಚ್ಚು ಹೊತ್ತಿನ ಬ್ಯಾಟರಿ, ‘ಎಚ್’ ಎಂದರೆ ಹೆಚ್ಚು ಬಲ, ಅದಕ್ಕೆ ತಕ್ಕ ಕಾವು, ಅದಕ್ಕೆ ತಕ್ಕ ಭಾರ.

ರ‍್ಯಾಮ್ ಎಂಬ ಮೇಜು

ರ‍್ಯಾಮ್ ಎಂದರೇನೆಂದು ಮಕ್ಕಳನ್ನು ಕೇಳಿದರೆ ‘ಮೆಮೊರಿ’ ಎಂದು ಹೇಳಿ ಸುಮ್ಮನಾಗುತ್ತಾರೆ. ಅದನ್ನು ಓದುವ ಮೇಜೆಂದು ತಿಳಿದರೆ ವಿಷಯ ಸ್ಪಷ್ಟವಾಗುತ್ತದೆ. ಪುಸ್ತಕಗಳೆಲ್ಲ ಇರುವುದು ಕಪಾಟಿನಲ್ಲಿ. ಈಗ ಬೇಕಾದುವನ್ನು ಮಾತ್ರ ಮೇಜಿನ ಮೇಲೆ ಹರಡಿಕೊಳ್ಳುತ್ತೇವೆ. ಮೇಜು ಚಿಕ್ಕದಾದರೆ ಒಂದನ್ನು ತೆಗೆಯುವಾಗ ಮತ್ತೊಂದನ್ನು ಕಪಾಟಿಗೆ ಹಿಂದಿರುಗಿಸಬೇಕಾಗುತ್ತದೆ, ಕೆಲಸ ನಿಧಾನವಾಗುತ್ತದೆ. 4 ಜಿ.ಬಿ. ರ‍್ಯಾಮ್ ಇದ್ದರೆ ವಿಂಡೋಸ್ 11 ನಡೆಯುತ್ತದೆಂದು ಮೈಕ್ರೋಸಾಫ್ಟ್ ಸಂಸ್ಥೆಯ ನಿಯಮವೇನೋ ಹೇಳುತ್ತದೆ. ‘ನಡೆಯುತ್ತದೆ’ ಎಂಬುದು ನಿಜ; ‘ಓಡುತ್ತದೆ’ ಎಂದು ಯಾರೂ ಹೇಳಿಲ್ಲ. ಓದಿಗೆ 8 ಜಿ.ಬಿ. ಕನಿಷ್ಠ; ಆಟವೂ ಬೇಕೆಂದರೆ 16 ಜಿ.ಬಿ. ನೆಮ್ಮದಿ.

ಇಲ್ಲಿ ಕೇಳಬೇಕಾದ ಪ್ರಶ್ನೆ “ಎಷ್ಟು ಜಿ.ಬಿ.?” ಎಂಬುದೊಂದೇ ಅಲ್ಲ, “ಮುಂದೆ ಸೇರಿಸಲು ಜಾಗವಿದೆಯೆ?” ಎಂಬುದು ಅದಕ್ಕಿಂತ ಮುಖ್ಯ. ಕೆಲವು ಯಂತ್ರಗಳಲ್ಲಿ ರ‍್ಯಾಮ್ ಕೂಡ ಹಲಗೆಗೆ ಬೆಸೆದುಹೋಗಿರುತ್ತದೆ. ಮೇಲೆ ಹೇಳಿದ 7520ಯು ಅಂಥದೇ. ಅದರ ಜೊತೆ 8 ಜಿ.ಬಿ. ಬಂದರೆ ಕೊನೆಯವರೆಗೂ ಎಂಟೇ. ಮತ್ತೆ ಕೆಲವುಗಳಲ್ಲಿ ಒಂದು ಖಾಲಿ ಗೂಡು ಇರುತ್ತದೆ. ಈ ವರ್ಷ 8 ಜಿ.ಬಿ. ಕೊಂಡು, ಕೈಯಲ್ಲಿ ಹಣ ಬಂದಾಗ ಇನ್ನೊಂದು 8 ಜಿ.ಬಿ. ಪಟ್ಟಿಯನ್ನು ಸೇರಿಸಿಕೊಳ್ಳಬಹುದು. ಸಂಸಾರದ ಲೆಕ್ಕಕ್ಕೆ ಹೊಂದುವ ಯಂತ್ರ ಇದು. ಆದರೂ ಒಂದು ಎಚ್ಚರಿಕೆ ಅವಶ್ಯ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಗಣಕ ಕೇಂದ್ರಗಳು ಮೆಮೊರಿ ಬಿಲ್ಲೆಗಳನ್ನು ಬಾಚಿಕೊಳ್ಳತೊಡಗಿದುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್‌ನ ಬೆಲೆ ಜಗತ್ತಿನಾದ್ಯಂತ ಒಮ್ಮೆಲೇ ಮೇಲಕ್ಕೇರಿತು. ಆದುದರಿಂದ ಕೊಳ್ಳುವ ದಿನವೇ ಬಿಡಿ ಪಟ್ಟಿಯ ಬೆಲೆಯನ್ನು ವಿಚಾರಿಸಿ, 16 ಜಿ.ಬಿ. ಯಂತ್ರಕ್ಕೂ 8 ಜಿ.ಬಿ. ಯಂತ್ರಕ್ಕೂ ಇರುವ ಅಂತರದೊಡನೆ ಹೋಲಿಸಿ ನೋಡುವುದು ಜಾಣತನ.

ಒಂದು ಪಟ್ಟಿಗಿಂತ ಎರಡು ಪಟ್ಟಿ ಲೇಸೆಂಬುದಕ್ಕೆ ಬೇರೊಂದು ಕಾರಣವೂ ಉಂಟು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರವು ಚಿತ್ರಗಳನ್ನು ಮೂಡಿಸಲು ಈ ರ‍್ಯಾಮನ್ನೇ ಬಳಸಿಕೊಳ್ಳುತ್ತದೆ. ಎರಡು ಪಟ್ಟಿಗಳಿದ್ದರೆ ಎರಡು ಬಾಗಿಲುಗಳಿಂದ ಸಾಮಾನು ಸಾಗಿಸಿದಂತೆ. ಆಟದ ಓಟ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ. ಇಂಟೆಲ್ಲಿನ ‘ಐರಿಸ್ ಎಕ್ಸ್‌ಇ’ ಎಂದು ಜಾಹೀರಾತಿನಲ್ಲಿ ಹೇಳಿಸಿಕೊಂಡ ಗ್ರಾಫಿಕ್ಸು, ಒಂದೇ ಪಟ್ಟಿ ಇದ್ದಾಗ ವಿಂಡೋಸಿನಲ್ಲಿ ‘ಯು.ಎಚ್.ಡಿ.’ ಎಂಬ ಕೆಳಗಿನ ಹೆಸರಿನಿಂದಲೇ ಕಾಣಿಸಿಕೊಳ್ಳುವುದೂ ಇದೇ ಕಾರಣದಿಂದ.

ಕಪಾಟಿನ ಲೆಕ್ಕ

ಅಂಗಡಿಯ ಹುಡುಗ ಮೊದಲು ಹೇಳುವ ‘ಒಂದು ಟಿ.ಬಿ.’ ಎಂಬುದು ಕಪಾಟಿನ ಅಳತೆ. ಕಪಾಟು ದೊಡ್ಡದಿದ್ದರೆ ಒಳ್ಳೆಯದೇ; ಆದರೆ ಅದು ಯಾವ ಬಗೆಯದು? ತಟ್ಟೆ ತಿರುಗುವ ಹಳೆಯ ಹಾರ್ಡ್ ಡಿಸ್ಕಿಗಿಂತ, ಒಳಗೆ ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ. ಎಷ್ಟೋ ಪಾಲು ವೇಗದ್ದು. 256 ಜಿ.ಬಿ.ಯ ಎಸ್.ಎಸ್.ಡಿ. ಇರುವ ಯಂತ್ರವು ಒಂದು ಟಿ.ಬಿ.ಯ ಹಾರ್ಡ್ ಡಿಸ್ಕಿನ ಯಂತ್ರಕ್ಕಿಂತ ಓದುವ ಹುಡುಗನಿಗೆ ಹೆಚ್ಚು ಉಪಯುಕ್ತ. ಅಗ್ಗದ ಯಂತ್ರಗಳಲ್ಲಿ ‘ಇ.ಎಂ.ಎಂ.ಸಿ.’ ಎಂಬ ಮೂರನೆಯ ಬಗೆಯೊಂದಿದೆ, ಅದು ಎಸ್.ಎಸ್.ಡಿ.ಗಿಂತ ನಿಧಾನ, ಹಲಗೆಗೆ ಬೆಸೆದಿರುವುದರಿಂದ ಬದಲಾವಣೆಗೂ ಎಡೆಯಿಲ್ಲ. ಅದನ್ನು ಬಿಡುವುದೇ ಲೇಸು.

512 ಜಿ.ಬಿ. ಎಂದು ಕೊಂಡ ಯಂತ್ರವನ್ನು ಮನೆಯಲ್ಲಿ ತೆರೆದಾಗ 476 ಎಂದು ತೋರಿಸಿತೆಂದು ಕೆಲವರು ಅಂಗಡಿಯವನ ಮೇಲೆ ಸಿಟ್ಟಾಗುವುದುಂಟು. ಇದರಲ್ಲಿ ಮೋಸವಿಲ್ಲ. ತಯಾರಕರ ಲೆಕ್ಕದಲ್ಲಿ ಒಂದು ಜಿ.ಬಿ. ಎಂದರೆ ನೂರು ಕೋಟಿ ಬೈಟುಗಳು. ವಿಂಡೋಸಿನ ಲೆಕ್ಕದಲ್ಲಿ ಸುಮಾರು ನೂರಾ ಏಳು ಕೋಟಿ. ಒಂದೇ ಅಕ್ಕಿಯನ್ನು ಒಬ್ಬ ಚಿಕ್ಕ ಸೇರಿನಲ್ಲಿ, ಮತ್ತೊಬ್ಬ ದೊಡ್ಡ ಸೇರಿನಲ್ಲಿ ಅಳೆದಂತೆ ಅಷ್ಟೆ.

ಆಟದ ಮಾತು

ಈಗ ಮನೆಯ ವಾದಕ್ಕೆ ಬರೋಣ. ಓದುವ ಯಂತ್ರದಲ್ಲಿ ಆಟವೇತಕ್ಕೆ ಎಂದು ಕೇಳುವ ಹಿರಿಯರು ಒಂದು ಹಳೆಯ ಸಂಗತಿಯನ್ನು ತಿಳಿಯತಕ್ಕದ್ದು. ಅಮೆರಿಕದ ಜ಼ೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದ ಅಲನ್ ಕೇ ಎಂಬ ವಿಜ್ಞಾನಿ 1972ರಲ್ಲಿ ಒಂದು ಪ್ರಬಂಧ ಬರೆದು, ಮಕ್ಕಳು ಪುಸ್ತಕದಂತೆ ಎತ್ತಿಕೊಂಡು ಹೋಗಬಹುದಾದ ಒಂದು ಗಣಕವನ್ನು ಕಲ್ಪಿಸಿದರು. ‘ಡೈನಾಬುಕ್’ ಎಂದು ಅದಕ್ಕೆ ಹೆಸರಿಟ್ಟರು. ತೂಕ ನಾಲ್ಕು ಪೌಂಡಿಗೆ ಮೀರಬಾರದು, ಬೆಲೆ ಐನೂರು ಡಾಲರಿನ ಸುತ್ತ ಇರಬೇಕು ಎಂಬುದು ಅವರ ಬಯಕೆ. ಲ್ಯಾಪ್‌ಟಾಪ್ ಎಂಬ ವಸ್ತುವೇ ಇಲ್ಲದ ಕಾಲದ ಮಾತಿದು. ಆ ಪ್ರಬಂಧದ ಆರಂಭದಲ್ಲಿ ಇಬ್ಬರು ಒಂಬತ್ತು ವರ್ಷದ ಮಕ್ಕಳು ಏನು ಮಾಡುತ್ತಿದ್ದಾರೆ? ಹುಲ್ಲಿನ ಮೇಲೆ ಮಲಗಿ, 1962ರಲ್ಲಿ ರೂಪುಗೊಂಡ ‘ಸ್ಪೇಸ್‌ವಾರ್’ ಎಂಬ ಆಟವನ್ನು ಆಡುತ್ತಿದ್ದಾರೆ! ಆ ಆಟದಿಂದಲೇ ಸೂರ್ಯನ ಆಕರ್ಷಣಶಕ್ತಿಯ ಬಗ್ಗೆ ಪ್ರಶ್ನೆ ಹುಟ್ಟಿ, ಮಕ್ಕಳು ಭೌತಶಾಸ್ತ್ರದ ಕಡೆಗೆ ತಿರುಗುತ್ತಾರೆ. ಮಕ್ಕಳ ಗಣಕದ ಕನಸು ಮೊದಲ ದಿನದಿಂದಲೂ ಪಾಠ ಆಟಗಳೆರಡನ್ನೂ ಒಟ್ಟಿಗೆ ಕಂಡಿತ್ತು.

ಹಾಗೆಂದು ಮಗನ ಮಾತೆಲ್ಲವೂ ಸರಿಯೆಂದಲ್ಲ. ಆಟಗಳಲ್ಲಿಯೂ ಹಗುರವಾದುವು, ಭಾರವಾದುವು ಎಂದು ಭೇದವುಂಟು. ‘ಮೈನ್‌ಕ್ರಾಫ್ಟ್’, 2020ರಲ್ಲಿ ಬಂದ ‘ವ್ಯಾಲೊರೆಂಟ್’, ಚದುರಂಗ, ಹಳೆಯ ಕ್ರಿಕೆಟ್ ಆಟಗಳು ಮುಂತಾದುವಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಕಿಲ್ಲ; ಒಳ್ಳೆಯ ಪ್ರೊಸೆಸರಿನ ಜೊತೆ ಎರಡು ಪಟ್ಟಿ ರ‍್ಯಾಮ್ ಇದ್ದು, ಚಿತ್ರದ ಮಟ್ಟವನ್ನು ಸ್ವಲ್ಪ ಇಳಿಸಿಕೊಂಡರೆ ಸರಾಗವಾಗಿ ನಡೆಯುತ್ತವೆ. 2015ರಲ್ಲಿ ಗಣಕಕ್ಕೆ ಬಂದ ‘ಜಿ.ಟಿ.ಎ. 5’ ಕೂಡ ಇಂಥ ಯಂತ್ರದಲ್ಲಿ ಕೆಳಮಟ್ಟದ ಚಿತ್ರದೊಡನೆ ನಡೆದೀತು. ಕಪಾಟಿನಲ್ಲಿ ಮಾತ್ರ ಎಪ್ಪತ್ತು ಜಿ.ಬಿ.ಗೂ ಮಿಕ್ಕ ಜಾಗ ಕೇಳುತ್ತದೆ. 2020ರ ‘ಸೈಬರ್‌ಪಂಕ್ 2077’ರಂಥ ಭಾರದ ಆಟಗಳಿಗೆ ಪ್ರತ್ಯೇಕ ಕಾರ್ಡೇ ಬೇಕು. ಆದುದರಿಂದ ಅಂಗಡಿಗೆ ಹೊರಡುವ ಮುನ್ನ ಮಗನು ತಾನು ನಿಜವಾಗಿ ಆಡುವ ಐದು ಆಟಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡಲಿ. ಒಂದೊಂದು ಆಟಕ್ಕೂ ಏನು ಬೇಕೆಂಬುದನ್ನು ತಯಾರಕರೇ ಪ್ರಕಟಿಸಿರುತ್ತಾರೆ. ತಂದೆ ಮಗ ಕೂಡಿ ಅದನ್ನು ಓದಲಿ. ಗೆಳೆಯನ ಮನೆಯಲ್ಲಿ ನೋಡಿದ ಆಟವೊಂದಕ್ಕಾಗಿ ಹದಿನೈದು ಇಪ್ಪತ್ತು ಸಾವಿರ ಹೆಚ್ಚಿಗೆ ತೆರಬೇಕೆ ಎಂಬ ಪ್ರಶ್ನೆ ಆಗ ತಾನಾಗಿಯೇ ಇತ್ಯರ್ಥವಾಗುತ್ತದೆ.

ಕಾರ್ಡು ಬೇಕೇ ಬೇಕೆಂದು ತೀರ್ಮಾನವಾದರೆ ಬರಿಯ ಹೆಸರಿಗೆ ಮರುಳಾಗಬಾರದು. ‘ಆರ್‌ಟಿಎಕ್ಸ್ 3050’ ಎಂಬ ಲ್ಯಾಪ್‌ಟಾಪ್ ಕಾರ್ಡನ್ನೇ ತೆಗೆದುಕೊಳ್ಳಿ. ಯಂತ್ರವನ್ನು ಕಟ್ಟಿದವರು ಅದಕ್ಕೆ 35 ವಾಟಿನಿಂದ 80 ವಾಟಿನವರೆಗೆ ಎಷ್ಟು ವಿದ್ಯುತ್ತನ್ನು ಬೇಕಾದರೂ ಗೊತ್ತುಮಾಡಿರಬಹುದು. ತೆಳ್ಳಗಿನ ಯಂತ್ರದಲ್ಲಿ ಕಡಿಮೆ ವಾಟಿನಲ್ಲಿ ನಡೆಯುವ 3050, ದಪ್ಪ ಯಂತ್ರದ 3050ಕ್ಕೆ ಸಮನಲ್ಲ. ಎಷ್ಟು ವಾಟಿನದೆಂದು ಕೇಳಿಯೇ ಕೊಳ್ಳಬೇಕು. ಹೆಚ್ಚು ಬಲದ ಯಂತ್ರ ಹೆಚ್ಚು ಕಾಯುತ್ತದೆ ಎಂಬುದೂ ನೆನಪಿರಲಿ. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿ ರಾಯಚೂರುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಅಲ್ಲಿ ಹಾಸಿಗೆಯ ಮೇಲಿಟ್ಟು ಗಾಳಿಯ ಕಂಡಿಗಳನ್ನು ಮುಚ್ಚಿ ಆಡಿದರೆ ಯಂತ್ರವು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆಟಕ್ಕೂ ಪಾಠಕ್ಕೂ ಮರದ ಮೇಜೇ ಸೂಕ್ತ.

ಕಣ್ಣು, ಬೆರಳು, ಬ್ಯಾಟರಿ

ಪರದೆ ಮತ್ತು ಕೀಲಿಮಣೆಗಳನ್ನು ಮಾತ್ರ ಅಂಗಡಿಯಲ್ಲೇ ಪರೀಕ್ಷಿಸಬಹುದು. ವಿಚಿತ್ರವೆಂದರೆ ಅವನ್ನೇ ಹೆಚ್ಚಿನವರು ಪರೀಕ್ಷಿಸುವುದಿಲ್ಲ. ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ, ತುಸು ಎದ್ದು ನಿಂತು ಒಮ್ಮೆ ಪರದೆಯನ್ನು ನೋಡಬೇಕು. ಬಣ್ಣ ತಿರುಗಿ ಕಪ್ಪಾದರೆ ಅದು ಹಳೆಯ ‘ಟಿ.ಎನ್.’ ಬಗೆಯದು, ಎಲ್ಲ ಕಡೆಯಿಂದಲೂ ಒಂದೇ ತೆರನಾಗಿ ಕಂಡರೆ ‘ಐ.ಪಿ.ಎಸ್.’ ಬಗೆಯದಿರಬಹುದು. ಪರದೆಯ ಚುಕ್ಕಿಗಳ ಲೆಕ್ಕ 1920ಕ್ಕೆ 1080 ಇರಲಿ. 1366ಕ್ಕೆ 768ರ ಪರದೆಯಲ್ಲಿ ಅಕ್ಷರಗಳ ಅಂಚು ಒರಟಾಗಿ, ದಿನಕ್ಕೆ ನಾಲ್ಕು ಗಂಟೆ ಓದುವ ಕಣ್ಣಿಗೆ ಆಯಾಸವಾಗುತ್ತದೆ. ಕೀಲಿಮಣೆಯ ಮೇಲೆ ಮಗನೋ ಮಗಳೋ ಒಂದು ಪುಟ ಬೆರಳಚ್ಚು ಮಾಡಿ ನೋಡಲಿ. ಕನ್ನಡದಲ್ಲಿ ಬರೆಯಲು ಬೇರೆ ಯಂತ್ರವೇನೂ ಬೇಕಿಲ್ಲ. ‘ಇನ್‌ಸ್ಕ್ರಿಪ್ಟ್’ ಕೀಲಿವಿನ್ಯಾಸ ವಿಂಡೋಸಿನಲ್ಲೇ ಇದೆ. ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಒಗ್ಗಿದವರಿಗೆ ‘ನುಡಿ’ ತಂತ್ರಾಂಶ ಉಂಟು.

ಬ್ಯಾಟರಿಯ ವಿಷಯದಲ್ಲಿ ‘ಹತ್ತು ಗಂಟೆ ಬರುತ್ತದೆ’ ಎಂಬ ಮಾತಿಗಿಂತ ಒಂದು ಭಾಗಾಕಾರವೇ ನಂಬಿಕೆಗೆ ಯೋಗ್ಯ. ಬ್ಯಾಟರಿಯ ಶಕ್ತಿಯನ್ನು ವಾಟ್-ಗಂಟೆಯಲ್ಲಿ ಬರೆದಿರುತ್ತಾರೆ. 42 ವಾಟ್-ಗಂಟೆಯ ಬ್ಯಾಟರಿ ಎನ್ನೋಣ. ಓದುವಾಗ ಯಂತ್ರ 7 ವಾಟ್ ಬಳಸಿದರೆ ಆರು ಗಂಟೆ. ಆಡುವಾಗ 35 ವಾಟ್ ಬಳಸಿದರೆ ಒಂದು ಗಂಟೆಗೆ ತುಸು ಮೇಲೆ. ದಿನವಿಡೀ ಕಾಲೇಜಿನಲ್ಲಿ ಇರುವ ವಿದ್ಯಾರ್ಥಿಗೆ 50 ವಾಟ್-ಗಂಟೆಗೆ ಮೇಲ್ಪಟ್ಟ ಬ್ಯಾಟರಿ, ಒಂದೂವರೆ ಕಿಲೋಗ್ರಾಮಿನ ಆಸುಪಾಸಿನ ತೂಕ ಹಿತವೆನಿಸುತ್ತದೆ. ತಾಯಿ ಕೇಳಿದ ಪ್ರಶ್ನೆ ಅಲ್ಪವಾದುದಲ್ಲ.

ಬಳಸಿದ ಯಂತ್ರ

ಹಣ ಇಪ್ಪತ್ತೈದು ಸಾವಿರಕ್ಕೆ ಮೀರದಿದ್ದಾಗ, ಹೊಸದಾದ ದುರ್ಬಲ ಯಂತ್ರಕ್ಕಿಂತ ಕಂಪೆನಿಗಳಲ್ಲಿ ಬಳಸಿ ಬಿಟ್ಟ ಗಟ್ಟಿ ಯಂತ್ರವು ಎಷ್ಟೋ ವೇಳೆ ಮೇಲಾದೀತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥವುಗಳ ವ್ಯಾಪಾರ ಜೋರಾಗಿಯೇ ನಡೆಯುತ್ತದೆ. ಇಲ್ಲಿ ಮೊದಲ ನಿಯಮ ತಲೆಮಾರಿನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ನಡೆಯಬೇಕಾದರೆ ಇಂಟೆಲ್ಲಿನಲ್ಲಿ ಸಾಮಾನ್ಯವಾಗಿ ಎಂಟನೆಯ ಅಥವಾ ಅನಂತರದ ತಲೆಮಾರು ಬೇಕು. ಆರನೆಯ ತಲೆಮಾರಿನ ‘ಐ7’ ಎಷ್ಟೇ ಅಗ್ಗವಾಗಿ ಸಿಕ್ಕರೂ ವಿಂಡೋಸ್ ಬಯಸುವ ಮನೆಗೆ ಅದು ದುಬಾರಿಯೇ. ಎರಡನೆಯ ನಿಯಮ ಬ್ಯಾಟರಿಯದು: ಹೊಸದಿದ್ದಾಗಿನ ಶಕ್ತಿ ಎಷ್ಟು, ಈಗ ತುಂಬಿಕೊಳ್ಳುವ ಶಕ್ತಿ ಎಷ್ಟು ಎಂಬ ವರದಿಯನ್ನು ವಿಂಡೋಸಿನಿಂದಲೇ ಪಡೆಯಬಹುದು. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದೇ ಚೌಕಾಸಿ ಮಾಡಬೇಕು.

ಹಣ ಕೊಡುವ ಮುನ್ನ

ಯಂತ್ರವನ್ನು ಆರಿಸಿಯಾದ ಮೇಲೆ ಅಂಗಡಿಯಲ್ಲೇ ಹತ್ತು ನಿಮಿಷ ನಿಂತರೆ ಮುಂದಿನ ಎಷ್ಟೋ ಓಡಾಟ ತಪ್ಪುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆದುಕೊಳ್ಳುತ್ತದೆ. ಅದರ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಪ್ರೊಸೆಸರಿನ ಪೂರ್ಣ ಹೆಸರು, ರ‍್ಯಾಮ್‌ನ ಪ್ರಮಾಣ, ಎರಡು ಗೂಡುಗಳಲ್ಲಿ ಎಷ್ಟು ತುಂಬಿವೆ ಎಂಬುದು, ಕಪಾಟು ಎಸ್.ಎಸ್.ಡಿ.ಯೋ ಅಲ್ಲವೋ ಎಂಬುದು ಎಲ್ಲವೂ ಕಾಣುತ್ತವೆ. ಅದನ್ನು ಪೆಟ್ಟಿಗೆಯ ಮೇಲಿನ ಬರಹದೊಡನೆ ತಾಳೆ ನೋಡಬೇಕು. ಯಂತ್ರದ ತಳದಲ್ಲಿರುವ ಕ್ರಮಸಂಖ್ಯೆಯು ಪೆಟ್ಟಿಗೆಯ ಮೇಲಿನದಕ್ಕೂ ಬಿಲ್ಲಿನ ಮೇಲಿನದಕ್ಕೂ ಹೊಂದಬೇಕು. ವಿಂಡೋಸ್ ಸೇರಿದೆಯೋ, ಇಲ್ಲವೆ ಬರಿಯ ‘ಡಾಸ್’ ಯಂತ್ರವೋ. ಜೊತೆಗೆ ಬಂದ ‘ಆಫೀಸ್’ ಶಾಶ್ವತವೋ, ಒಂದು ವರ್ಷದ ಚಂದಾ ಮಾತ್ರವೋ. ವಾರಂಟಿಯಲ್ಲಿ ರಿಪೇರಿಯವರು ಮನೆಗೆ ಬರುವರೋ, ನಾವೇ ಹೊತ್ತೊಯ್ಯಬೇಕೋ. ರ‍್ಯಾಮ್ ಸೇರಿಸಲು ಹಿಂಬದಿಯನ್ನು ತೆರೆದರೆ ವಾರಂಟಿ ಉಳಿಯುವುದೋ ಇಲ್ಲವೋ—ಇಷ್ಟನ್ನೂ ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಪಡೆಯತಕ್ಕದ್ದು.

ನಲವತ್ತೈದು ಐವತ್ತು ಸಾವಿರದ ಮಿತಿಯಲ್ಲಿ ಹೊರಟ ಮನೆಯವರು ಕೊನೆಗೆ ತರಬೇಕಾದುದು ಬಹುಮಟ್ಟಿಗೆ ಇಂಥದು: ಈಚಿನ ತಲೆಮಾರಿನ ಮಧ್ಯಮ ದರ್ಜೆಯ ಪ್ರೊಸೆಸರ್, ಚೊಕ್ಕವಾದ ಪರದೆ, ಒಂದು ಖಾಲಿ ಗೂಡಿನೊಡನೆ 8 ಜಿ.ಬಿ. ಅಥವಾ ಎರಡೂ ತುಂಬಿದ 16 ಜಿ.ಬಿ. ರ‍್ಯಾಮ್, 512 ಜಿ.ಬಿ. ಎಸ್.ಎಸ್.ಡಿ.; ಗ್ರಾಫಿಕ್ಸ್ ಕಾರ್ಡು ಇಲ್ಲದಿದ್ದರೂ ಚಿಂತೆಯಿಲ್ಲ. ಇದರಲ್ಲಿ ಮಗನು ಬರೆದುಕೊಟ್ಟ ಐದು ಆಟಗಳಲ್ಲಿ ನಾಲ್ಕು ನಡೆದಾವು. ಐದನೆಯದನ್ನು ಅವನು ತಾನೇ ಸಂಪಾದಿಸಿ ಕೊಳ್ಳುವ ಯಂತ್ರದಲ್ಲಿ ಆಡಲಿ. ಆ ದಿನ ಬರುವವರೆಗೆ ಇದು ಬಾಳಿದರೆ ತಂದೆಯ ಹಣ ಸಾರ್ಥಕ.